ಗಡಿಯಾರ ಹಿಂದಿಡುವ ರಾತ್ರಿ

ಲಿಸ್ಬನ್ ಬಿಟ್ಟ ಮೂರನೆಯ ಸಂಜೆ
ಮೈಕಿನಲ್ಲಿ ಕೆಮ್ಮಿ ಕ್ಯಾಪ್ಟನ್ ಹೇಳಿದ:
ಇವತ್ತು ರಾತ್ರಿ ಎರಡಾದಾಗ
ಹಡಗಿನ ಗಡಿಯಾರವೆಲ್ಲ ಒಂದು ಗಂಟೆ ಹಿಂದಕ್ಕೆ.
ಹನ್ನೊಂದನೆಯ ಅಂತಸ್ತಿನಲ್ಲಿ ಚಪ್ಪಾಳೆಯಂತೆ.
ಬಿಟ್ಟಿ ಸಿಕ್ಕ ಗಂಟೆ, ಯಾರಿಗೆ ಬೇಡ?

ನಾನು ಕೆಳಗೆ, ನೀರಿನ ಗೆರೆಗೂ ಕೆಳಗೆ,
ಮೂರು ಸಾವಿರ ಬನ್ನಿನ ಹಿಟ್ಟಿನಲ್ಲಿ
ಮೊಣಕೈವರೆಗೆ ಇಳಿದವನು.
ಕ್ಯಾಪ್ಟನ್ನನ ಹುಕುಂ ಹಿಟ್ಟಿಗೆ ತಿಳಿಯದು.
ಅದು ತನ್ನ ಹೊತ್ತಿಗೆ ತಾನು ಉಬ್ಬಿ
ಹೊದೆಸಿದ ಬಟ್ಟೆಯನ್ನು ತಲೆಯಿಂದ ಎತ್ತಿ
ಬೆಳಗಾಯಿತಾ ಎನ್ನುತ್ತದೆ.
ಗುದ್ದಿ ಮಲಗಿಸುತ್ತೇನೆ.
ಇನ್ನೂ ಇಲ್ಲ, ಮಲಗು.

ಮೇಲಿನ ಸುದ್ದಿ ನಮಗೆ ಬರುವುದು
ಎಂಜಲು ತಟ್ಟೆಗಳ ದಾರಿಯಲ್ಲಿ.
ಒಂದೇ ಕೊಂಡಿ ಮುರಿಸಿಕೊಂಡ ಸಿಗಡಿ,
ಲಿಪ್‌ಸ್ಟಿಕ್ ಕಚ್ಚಿದ ಬ್ರೆಡ್ಡು,
ಬುಟ್ಟಿಯ ತಳದಲ್ಲಿ ಒಂದೇ ಒಂದು ಅಂಕಿಗೆ ಸೋತ ಬಿಂಗೊ ಚೀಟಿ.
ಉಳಿದದ್ದು ಕೊಮಾಂಗ್ ಹೇಳಬೇಕು:
"ದೀಪ ಆರಿಸಿ, ಐಸ್‌ಕ್ರೀಮಿಗೆ ಬೆಂಕಿ ಹಚ್ಚಿ,
ನಲವತ್ತು ಜನ ನಾವು ಮೆರವಣಿಗೆ ಹೋದೆವು.
ಅವರೆಲ್ಲ ಎದ್ದುನಿಂತು ಕರವಸ್ತ್ರ ಬೀಸಿದರು,
ಬೀಳ್ಕೊಡುವ ಹಾಗೆ.
ಯಾವ ಊರಿಗೆ ಅಂತ ಮಾತ್ರ ಹೇಳಲಿಲ್ಲ."

ಔರೆಲಿಯೊನ ಕತೆಯನ್ನೂ ಅವನೇ ತಂದದ್ದು.
ಸೆಟೂಬಲ್ಲಿನ ಅಂಚೆಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ
ಈಗ ಒಂಟಿ ಹೆಂಗಸರ ಜೊತೆ ಕುಣಿಯುವ ನೌಕರಿ.
ನಿಯಮ ಎರಡು: ಯಾರಿಗೂ ಇಲ್ಲ ಅನ್ನಬಾರದು,
ಒಬ್ಬಳೊಡನೆ ಸತತ ಎರಡು ಸಲ ಕುಣಿಯಬಾರದು.
ಎರಡು ಹೊಡೆಯಿತು. ಹಾಲ್ದಿಸ್ ಎಂಬ ಮುದುಕಿ,
ಟ್ರೊಮ್ಸೊ ಕಡೆಯವಳು, ಕೈ ಬಿಡಲಿಲ್ಲ.
"ನಿಯಮ..." ಅಂದನಂತೆ.
ಗೋಡೆಯತ್ತ ಗದ್ದ ಎತ್ತಿದಳು:
"ಈಗ ಒಂದು ಗಂಟೆ, ನೋಡಿ.
ಆಗಿನ ಕುಣಿತ ಇನ್ನೂ ಆಗಿಯೇ ಇಲ್ಲ."
ಬ್ಯಾಂಡಿನವರು ನಕ್ಕು ಅದೇ ರಾಗ ಎತ್ತಿಕೊಂಡರು.
ಅವಳ ಎಡ ಮಂಡಿ ಉಕ್ಕಿನದು, ಆದರೂ.

ದಿನಕ್ಕೊಂದು ಬನ್ನು ತಿಂದು ಇನ್ನೊಂದನ್ನು ಚೀಲಕ್ಕೆ ಹಾಕುವವಳು ಅವಳೇ,
ಹಕ್ಕಿಗಳಿಗಂತೆ.
ನಡುಗಡಲಲ್ಲಿ ಎಲ್ಲಿಯ ಹಕ್ಕಿ?
ನಾನು ಅವಳಿಗೆಂದು ಎರಡು ಹೆಚ್ಚೇ ಸುಡುತ್ತೇನೆ.

ನಮ್ಮ ಊಟದ ಕೋಣೆಯಲ್ಲಿ ಅನ್ನ, ಹುಣಸೆ ಹಾಕಿದ ಮೀನಿನ ಸಾರು.
ಬಿಟ್ಟಿ ಗಂಟೆಯ ಕೂಲಿ ಯಾರು ಕೊಡುತ್ತಾರೆಂದು
ಲಾಂಡ್ರಿಯ ಹುಡುಗ ಕೇಳಿದ. ಹೊಸಬ.
ಕರಾರಿನಲ್ಲಿ ದಿನಗಳ ಲೆಕ್ಕ ಇದೆ ಮಗಾ,
ದಿನಕ್ಕೆ ಎಷ್ಟು ಗಂಟೆ ಅಂತ ಯಾರೂ ಬರೆದಿಲ್ಲ.
ಏಪ್ರಿಲ್ಲಿನಲ್ಲಿ ಪೂರ್ವಕ್ಕೆ ತಿರುಗುತ್ತೇವಲ್ಲ,
ಆಗ ಸಮುದ್ರ ಒಂದೊಂದನ್ನೇ ವಾಪಸು ಕೇಳುತ್ತದೆ.
ಆಗ ಚಪ್ಪಾಳೆ ಇರುವುದಿಲ್ಲ.

ಹೀಗೆ ನಾಲ್ಕು ರಾತ್ರಿ ಹಿಂದಿಟ್ಟೆವು.
ಒಂದರಲ್ಲಿ ಬಟ್ಟೆ ಹೊಲಿದುಕೊಂಡೆ,
ಒಂದರಲ್ಲಿ ಮೂರು ತಟ್ಟೆ ಬನ್ನು ಹುಳಿಯಾಗಿ ಬೈಸಿಕೊಂಡೆ,
ಇನ್ನೆರಡು ಏನಾದವೋ ನೆನಪಿಲ್ಲ.

ಬ್ರಿಜ್‌ಟೌನಿನ ಧಕ್ಕೆ. ನೆಲದ ಸಿಗ್ನಲ್ ಸಿಕ್ಕಿತು.
ಇಲೊಯಿಲೊದಲ್ಲಿ ಹಿರಾಯ, ಎರಡನೆಯ ಕ್ಲಾಸು,
ಮುಳ್ಳಿನ ಗಡಿಯಾರ ಓದಲು ಈಗಷ್ಟೇ ಕಲಿತವಳು.
"ಅಪ್ಪಾ, ನಿನ್ನದರಲ್ಲಿ ಎಷ್ಟು?"
ಏಳು, ಅಂದೆ.
"ನನ್ನದರಲ್ಲೂ ಏಳೇ!" ಕಿರುಚಿದಳು.
"ದೊಡ್ಡ ಮುಳ್ಳು?"
ಹನ್ನೆರಡರ ಮೇಲೆ.
"ನನ್ನದೂ! ಹಾಗಾದರೆ ಹತ್ತಿರ ಬಂದುಬಿಟ್ಟೆ."

ಅವಳ ಹಿಂದೆ ಬೆಳಗಿನ ಹುಂಜ, ಬೆಳ್ಳುಳ್ಳಿ ಹುರಿದ ಅನ್ನ
ಬಾಣಲೆಯಲ್ಲಿ ಕೆರೆಯುವ ಸದ್ದು.
ನನ್ನ ಕಡೆ ಕಿಟಕಿಯಾಚೆ ಸೂರ್ಯ ಮುಳುಗಿ ಗಂಟೆಯಾಗಿತ್ತು.
ದಿನದ ಲೆಕ್ಕದಲ್ಲಿ ಇದಕ್ಕಿಂತ ದೂರ
ಈ ಭೂಮಿಯ ಮೇಲೆ ಹೋಗಲಿಕ್ಕಾಗುವುದಿಲ್ಲ.

ಹೂಂ, ಅಂದೆ, ಹತ್ತಿರ.
ಒಲೆ ಕೂಗಿತು.
"ಏನದು?" ಅಂದಳು.
ಬನ್ನು ಕಣೇ, ಬೆಂದವು.